ಟೆಂಪೊದಲ್ಲಿ ಕುದುರೆ, ಬೋಗುಣಿಯಲ್ಲಿ ನೀರು

ನಾನು ಅವನನ್ನು ಮೊದಲು ನೋಡಿದಾಗ ಅವನು ಒಂದು ಟೆಂಪೊದ ಹಿಂಬದಿಯ ಒಳಗೆ ಕೈಯನ್ನೂ ಮಂಡಿಯನ್ನೂ ಊರಿಕೊಂಡು ನಾಲ್ಕು ಕಾಲಲ್ಲಿ ನಿಂತಿದ್ದ. ಐವತ್ತೈದು ದಾಟಿದ ಮನುಷ್ಯ. ಮೀಸೆಗೆ ಎಣ್ಣೆ ಹಚ್ಚಿದ್ದ, ಅಂಗಿಗೆ ಇಸ್ತ್ರಿ ಹಾಕಿತ್ತು. ಜರಗನಹಳ್ಳಿಯಲ್ಲಿ ನಮ್ಮ ಗೇಟಿನ ಮುಂದೆ ಗಾಡಿ ನಿಂತಿತು. ಅವನು ಹಾಗೇ ಇದ್ದುಕೊಂಡು ಕತ್ತೆತ್ತಿ ನನ್ನನ್ನು ಕೇಳಿದ.

"ಅಮ್ಮಾ, ಹಿತ್ಲಲ್ಲಿ ಶೆಡ್ಡು ಖಾಲಿ ಐತಂತೆ?"

"ಮನುಷ್ಯರಿಗೆ ಕೊಡೋದು," ಅಂದೆ.

"ನನಗಲ್ಲ, ಕುದುರೆಗೆ."

"ಅದು ನೋಡಿದ್ರೇ ಗೊತ್ತಾಗ್ತಾ ಐತೆ," ಅಂದೆ.

ಅವನು ನಗಲಿಲ್ಲ. ಇಳಿದು ಮಂಡಿ ಕೊಡವಿಕೊಂಡು, ಗಾಡಿ ಓಡಿಸಿಕೊಂಡು ಬಂದವನ ಹೆಗಲ ಮೇಲೆ ಕೈಯಿಟ್ಟ. "ನೀನು ಒಳ್ಳೆಯವನು ಕಣಪ್ಪ. ಆದ್ರೆ ನೀನು ಇಟ್ಟಿಗೆ ಲೋಡು ಹೊಡಿ. ಜೀವ ಇರೋದನ್ನ ಸಾಗಿಸ್ಬೇಡ," ಅಂದು ಅಲ್ಲೇ ಅವನನ್ನು ಕೆಲಸದಿಂದ ಬಿಡಿಸಿದ. ಆಮೇಲೆ ನನಗೆ ಹೇಳಿದ: "ಸೀಟಲ್ಲಿ ಕೂತೋನಿಗೆ ಬ್ರೇಕು ಗೊತ್ತಾಗಲ್ಲಮ್ಮ. ನಾಲ್ಕು ಕಾಲಲ್ಲಿ ನಿಂತೋನಿಗೇ ಗೊತ್ತಾಗೋದು."

ಹುಚ್ಚ ಅಂದುಕೊಂಡೆ. ಶೆಡ್ಡು ಕೊಟ್ಟೆ. ಹುಚ್ಚರು ಜಾಗವನ್ನು ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾರೆ.

ಅವನು ಕಳೆದ ತಿಂಗಳು ಸತ್ತ. ನನಗಿಂತ ಹತ್ತು ವರ್ಷ ಚಿಕ್ಕವನು. ಬೀಡಿ ಸೇದುತ್ತಿದ್ದ, ಬೇಡ ಅಂದರೆ ಕೇಳುತ್ತಿರಲಿಲ್ಲ, ಸತ್ತ. ಅದಕ್ಕೆ ನಾನೇನು ಎದೆ ಬಡಿದುಕೊಂಡಿಲ್ಲ. ಆದರೆ ಅವನ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ಅದನ್ನು ಹೇಳಬೇಕಾದರೆ ಅವನು ಎಂಥವನು ಅನ್ನುವುದನ್ನೂ ಹೇಳಬೇಕು.

ಮಾರನೆಯ ದಿನ ಕುದುರೆ ಬಂತು. ಬಿಳಿ ಕುದುರೆ, ಹೆಣ್ಣು. ಮದುವೆ ಮೆರವಣಿಗೆಯಲ್ಲಿ ಗಂಡನ್ನು ಹೊತ್ತು ನಡೆಯುವುದು ಅದರ ಕೆಲಸ. ಬನಶಂಕರಿ, ಜಯನಗರ, ಅರೆಕೆರೆ, ಎಲ್ಲಿ ಕಲ್ಯಾಣ ಮಂಟಪವಿದೆಯೋ ಅಲ್ಲಿಗೆಲ್ಲ ಹೋಗಿತ್ತು. ಅವನು ಅದನ್ನು ಮೇಡಂ ಅನ್ನುತ್ತಿದ್ದ. ನನ್ನನ್ನೂ ಕುದುರೆಯನ್ನೂ ಬಿಟ್ಟು ಬೇರೆ ಯಾರಿಗೂ ಅವನ ಬಾಯಲ್ಲಿ 'ನೀವು' ಇರಲಿಲ್ಲ. ನನ್ನ ಸೊಸೆ ಹೈಸ್ಕೂಲು ಟೀಚರು. ಅವಳಿಗೆ ನೀನು, ಕುದುರೆಗೆ ನೀವು. ಅವಳಿಗೆ ಅದು ಈಗಲೂ ಉರಿ.

ಕುದುರೆ ನಡೆದುಕೊಂಡು ಬಂತು. ಅದರ ಹಿಂದೆ ಇನ್ನೊಬ್ಬ ಡ್ರೈವರ್ ಓಡಿಸಿಕೊಂಡು ಟೆಂಪೊ ಬಂತು, ಖಾಲಿ. ನಾನು ಗೇಟು ತೆಗೆದು ನೋಡುತ್ತಾ ನಿಂತೆ. ಟೆಂಪೊ ಒಳಗೆ ದಪ್ಪ ರಬ್ಬರ್ ಹಾಸು, ಅದರ ಮೇಲೆ ಮರದ ಹೊಟ್ಟು. ಕುದುರೆಯ ಎದೆ ಮಟ್ಟಕ್ಕೆ ಒಂದು ಅಡ್ಡಮರ, ಅದಕ್ಕೆ ಹಳೆ ಹಾಸಿಗೆಯ ಹತ್ತಿ ಸುತ್ತಿ ಹೊಲಿದಿದ್ದ. ಎರಡೂ ಕಡೆ ಗಾಳಿಗೆ ಕಿಟಕಿ. ಹತ್ತಿ ಇಳಿಯಲು ಕಾಲು ಜಾರದ ಹಾಗೆ ಪಟ್ಟಿ ಹೊಡೆದ ಉದ್ದನೆಯ ಹಲಗೆ. ಮೇಲೆ ಒಂದು ಫ್ಯಾನು. ನಮ್ಮ ಬಾಡಿಗೆ ಮನೆಗಳಲ್ಲಿ ಕೂಡ ಅಷ್ಟು ಅನುಕೂಲ ಇರಲಿಲ್ಲ.

"ಇಷ್ಟೆಲ್ಲ ಮಾಡಿಸಿಟ್ಟುಕೊಂಡು ನಡೆಸ್ಕೊಂಡು ಯಾಕೆ ಬಂದೆ?" ಅಂದೆ.

"ಮೇಡಂ ಹತ್ತಲ್ಲಮ್ಮ."

"ಯಾವತ್ತಿಂದ?"

"ಈ ಗಾಡಿ ತಗೊಂಡಾಗಿಂದ. ಒಂದ್ಸಲಾನೂ ಹತ್ತಿಲ್ಲ."

ಐದು ವರ್ಷ ಅವನು ನಮ್ಮ ಹಿತ್ತಲಲ್ಲಿದ್ದ. ಐದು ವರ್ಷವೂ ಕನಕಪುರ ರಸ್ತೆಯಲ್ಲಿ ಕುದುರೆ ಮುಂದೆ ನಡೆಯುತ್ತಿತ್ತು, ಅದರ ಗಾಡಿ ಅದರ ಹಿಂದೆ ಮೆಲ್ಲಗೆ ಬರುತ್ತಿತ್ತು. ಗಾಡಿಯಲ್ಲಿ ಕುದುರೆಯ ಜರಿ ಬಟ್ಟೆ, ಗೆಜ್ಜೆ, ಹುಲ್ಲು, ನೀರು. ಬಸ್ಸಿನವರು ಹಾರನ್ ಹೊಡೆದು ಕೈ ಆಡಿಸಿ ಬೈಯುತ್ತಿದ್ದರು. ಅವನು ಬಸ್ಸಿನವರಿಗೆ ಕೈ ಮುಗಿಯುತ್ತಿದ್ದ.

ಆ ಗಾಡಿಗೆ ಡ್ರೈವರ್ ಆಗಿ ಸೇರಿಕೊಂಡವನು ನನ್ನ ತಮ್ಮನ ಮಗ ಮಂಜ. ಮದುವೆಯಾಗಿ ಎರಡು ಮಕ್ಕಳಿದ್ದವನು. ಅದಕ್ಕೆ ಮೊದಲು ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಮಂಜ ಯಾವ ರಸ್ತೆಯಲ್ಲಿ ಹೋದ ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ, ರಸ್ತೆ ಒದ್ದೆಯಾಗಿರುತ್ತಿತ್ತು. ಅಂಥವನನ್ನು ತಿದ್ದುತ್ತೇನೆ ಅಂತ ಹೊರಟ ಈ ಮನುಷ್ಯ. ನನ್ನ ಹತ್ತಿರ ಒಂದು ಹಿತ್ತಾಳೆ ಬೋಗುಣಿ ಇಸಿದುಕೊಂಡ. ಒಳಗೆ ಮೊಳೆಯಿಂದ ಒಂದು ಗೆರೆ ಗೀರಿದ, ನನ್ನನ್ನು ಕೇಳದೆ. ಬಟ್ಟೆ ಸುತ್ತಿ ಸಿಂಬಿ ಮಾಡಿ ಟೆಂಪೊದ ಮೂಲೆಯಲ್ಲಿ ಅದರ ಮೇಲೆ ಬೋಗುಣಿ ಇಟ್ಟು, ಗೆರೆಯ ತನಕ ನೀರು ತುಂಬಿದ.

"ಮದುವೆ ಇಲ್ಲದ ದಿನ ಬೆಳಿಗ್ಗೆ ಖಾಲಿ ಗಾಡಿ ತಗೊಂಡು ಹೋಗು. ಸಾಯಂಕಾಲ ಬಂದಾಗ ನೀರು ಗೆರೇಲಿರ್ಬೇಕು," ಅಂದ.

ಮೊದಲ ದಿನ ಮಂಜ ಬಂದಾಗ ಬೋಗುಣಿಯೇ ಸಿಂಬಿಯಲ್ಲಿರಲಿಲ್ಲ.

"ಎಲ್ಲೋ ಬೋಗುಣಿ?"

"ಅಣ್ಣಾ, ಮಾರೇನಹಳ್ಳಿ ಹತ್ರ ಸದ್ದು ಕೇಳಿಸ್ತು. ಹಿಂದೆ ಬಂದ ಸ್ಕೂಟರ್‌ನೋನು ಎತ್ಕೊಟ್ಟ."

ತಪ್ಪಿಗೆ ಶಿಕ್ಷೆ ಅಂದರೆ ಬೈಗುಳವಲ್ಲ. ತಪ್ಪು ಮಾಡಿದವನು ಹಿಂದೆ ನಿಲ್ಲಬೇಕು, ಇವನು ಓಡಿಸಬೇಕು. ಮಂಜ ಓಡಿಸಿದ ಹಾಗೆಯೇ ಓಡಿಸುತ್ತಿದ್ದ. ಮಂಜ ಇಳಿದಾಗ ಮುಖ ಹಾಗಲಕಾಯಿ ಆಗಿರುತ್ತಿತ್ತು. ನಾನು ಬಾಗಿಲಲ್ಲಿ ಕೂತು ಅವರೆಕಾಳು ಬಿಡಿಸುತ್ತಾ ನೋಡುತ್ತಿದ್ದೆ. ಟಿವಿ ಬೇಕಾಗಿರಲಿಲ್ಲ.

ಅವನಿಗೆ ಲೋಕದಲ್ಲಿ ಇದ್ದದ್ದು ಎರಡೇ ಜಾತಿ: ರಸ್ತೆಯ ಹಂಪು ನೋಡಿ ನಿಧಾನ ಮಾಡುವವರು, ಹಂಪಿನ ಮೇಲೆ ಹೋದ ಮೇಲೆ ಬ್ರೇಕ್ ಹಾಕುವವರು. ಜರಗನಹಳ್ಳಿಯಿಂದ ಬನಶಂಕರಿವರೆಗಿನ ಒಂದೊಂದು ಹಂಪಿಗೂ ಹೆಸರಿಟ್ಟಿದ್ದ. ಬಣ್ಣ ಹೊಡೆಯದ್ದು ಕಳ್ಳ. ಸ್ಕೂಲಿನ ಮುಂದೆ ಸಾಲಾಗಿದ್ದ ಸಣ್ಣವು ಮೂರು ತಂಗಿಯರು. ಮೆಡಿಕಲ್ ಶಾಪಿನ ಮುಂದಿನದು ಯಜಮಾನ. ಬಸ್ಸಿನಲ್ಲಿ ಕೂತಿದ್ದರೂ ಹಂಪು ಬರುವ ಮೊದಲೇ ಸೀಟಿನಿಂದ ಒಂದು ಗೇಣು ಏಳುತ್ತಿದ್ದ. ಒಮ್ಮೆ ಅವನೂ ನಾನೂ ಆಟೊದಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದೆವು.

"ಮೆತ್ತಗೆ ಹೋಗಪ್ಪ, ಹಿಂದೆ ಜೀವ ಐತೆ," ಅಂದ ಇವನು.

ಆಟೊದವನು ಗಾಬರಿಯಾಗಿ ತಿರುಗಿ ನೋಡಿದ. "ಏನ್ ಸಾರ್, ನಾಯಿಮರಿನಾ?"

"ನಾವೇ," ಅಂದ.

ನನ್ನ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಕಾರಿನಲ್ಲಿ ಬಂದಾಗಲೂ ಗೇಟಿನ ಹತ್ತಿರ ನಿಂತು ನೋಡಿ, ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದ. "ಈ ಗಂಡು ಬೇಡಮ್ಮ. ಬ್ರೇಕು ತುಳಿಯೋದ್ರಲ್ಲಿ ದಯ ಇಲ್ಲ." ಕೊಟ್ಟೆವು. ಚೆನ್ನಾಗೇ ಇದ್ದಾರೆ. ಆದರೆ ಆ ಹುಡುಗನ ಕಾರಿನಲ್ಲಿ ನಾನು ಊಟವಾದ ಮೇಲೆ ಕೂರುವುದಿಲ್ಲ.

ಇಷ್ಟೆಲ್ಲ ಹುಚ್ಚು ಎಲ್ಲಿಂದ ಬಂತು ಅಂತ ಒಂದೇ ಸಲ ಹೇಳಿದ್ದ. ಕುದುರೆಯ ಮುಂಗಾಲ ಮಂಡಿಯ ಮೇಲೆ ಕೂದಲು ಹುಟ್ಟದ ಒಂದು ಕಲೆ ಇತ್ತು, ಅಂಗೈಯಷ್ಟು. ಅದಕ್ಕೆ ಎಣ್ಣೆ ಸವರುತ್ತಾ ಹೇಳಿದ. ಹಿಂದೆ ಒಂದು ಮದುವೆಗೆ ಬಾಡಿಗೆ ಲಾರಿಯಲ್ಲಿ ಹಾಕಿಕೊಂಡು ಹೋಗಿದ್ದನಂತೆ. ಬರಿಯ ಕಬ್ಬಿಣದ ನೆಲ. ಕತ್ತನ್ನು ಮೇಲಕ್ಕೆ ಬಿಗಿದು ಕಟ್ಟಿದ್ದರು. ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ. ಕತ್ತು ಕಟ್ಟಿದ್ದರಿಂದ ಕುದುರೆಗೆ ತೂಕ ಸಂಭಾಳಿಸಲು ಆಗಲಿಲ್ಲ, ಮಂಡಿಯ ಮೇಲೆ ಬಿತ್ತು. ಬಿದ್ದುಕೊಂಡೇ ಮೂರು ಮೈಲಿ ಹೋಯಿತು.

"ನೀನೆಲ್ಲಿದ್ದೆ?" ಅಂದೆ.

"ಮುಂದೆ ಸೀಟಲ್ಲಿ. ನಿದ್ದೆ ಹತ್ತಿತ್ತು."

ಅಷ್ಟು ಹೇಳಿ ಎಣ್ಣೆ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿದ. ಆಮೇಲೆ ಇನ್ನೊಂದು ಮಾತು ಅಂದ. "ಭಯ ಇರೋ ಕುದುರೆ ಗಾಡೀಲಿ ನೀರು ಮುಟ್ಟಲ್ಲಮ್ಮ. ಓಡೋ ಗಾಡೀಲಿ ಮೇಡಂ ನೀರು ಕುಡಿದ್ರೆ ನನ್ನ ಕ್ಷಮಿಸಿದ್ರು ಅಂತ. ಅದೊಂದು ನೋಡಿಬಿಡ್ಬೇಕು."

"ಕುದುರೆಗೆ ಕ್ಷಮಿಸೋದು ಬಿಟ್ಟು ಬೇರೆ ಕೆಲಸ ಇಲ್ವಾ," ಅಂದೆ. ನನಗೆ ಅಂಥ ಮಾತು ಆಗಿಬರುವುದಿಲ್ಲ.

ಆಮೇಲೆ ನನ್ನ ಮಗ ಹಿತ್ತಲಲ್ಲಿ ಮನೆ ಕಟ್ಟಿಸುತ್ತೇನೆ ಅಂದ. ಶೆಡ್ಡು ಕೆಡವಬೇಕು. ಕುದುರೆಗೂ ವಯಸ್ಸಾಗಿತ್ತು, ಮೆರವಣಿಗೆ ಸಾಕು ಅಂತ ಅವನೇ ನಿಲ್ಲಿಸಿದ್ದ. ಹಾರೋಹಳ್ಳಿಯ ಆಚೆ ಅವನ ತಂಗಿಯ ಜಮೀನು, ಹುಲ್ಲು, ಕೆರೆ ಎಲ್ಲ ಇತ್ತು. ಅಲ್ಲಿಗೆ ಹೋಗಿಬಿಡುತ್ತೇನೆ ಅಂದ. ಆದರೆ ಬನಶಂಕರಿಗೆ ನಡೆಸಿದ ಹಾಗೆ ಹಾರೋಹಳ್ಳಿಗೆ ನಡೆಸಲು ಆಗುತ್ತದೆಯೇ? ಅಷ್ಟು ದೂರ ಟಾರು ರಸ್ತೆಯಲ್ಲಿ ಆ ಮಂಡಿ ತಡೆಯುವುದಿಲ್ಲ. ಗಾಡಿ ಹತ್ತಲೇಬೇಕು.

ಕುದುರೆ ವ್ಯಾಪಾರ ಮಾಡುವ ಒಬ್ಬ ದಲ್ಲಾಳಿ ಬಂದ. "ಐದು ಜನ ಕೊಡ್ತೀನಿ ಗುರು. ಹಿಂದೆ ಹಗ್ಗ, ಮುಂದೆ ಹಗ್ಗ, ಎರಡು ಏಟು. ಹತ್ತು ನಿಮಿಷ."

"ಕಾಲು?" ಅಂದ ಇವನು.

"ಮುದಿ ಕುದುರೆ. ಮುರಿದ್ರೆ ಮುರೀತು."

ಅವನು ದಲ್ಲಾಳಿಯನ್ನು ಗೇಟಿನ ತನಕ ಮರ್ಯಾದೆಯಿಂದ ಬಿಟ್ಟುಬಂದು, ಗೇಟಿಗೆ ಬೀಗ ಹಾಕಿದ. ನಮ್ಮ ಗೇಟಿಗೆ! ನನ್ನ ಮಗ ಅರ್ಧ ಗಂಟೆ ಹೊರಗೆ ನಿಂತಿದ್ದ.

ಜೆಸಿಬಿ ಬರಲು ಒಂದು ವಾರವಿತ್ತು. ಅವನು ಹಲಗೆಯ ಮೇಲೆ ಬೆಲ್ಲ ಇಟ್ಟ. ಕುದುರೆ ಹಿಂಗಾಲು ನೆಲದಲ್ಲೇ ಇಟ್ಟು, ಕತ್ತನ್ನು ಕೊಕ್ಕರೆಯ ಹಾಗೆ ಚಾಚಿ ಬೆಲ್ಲ ತಿಂದಿತು. ಒಳಗೆ ಕ್ಯಾರೆಟ್ ಕಟ್ಟಿದ. ಅದನ್ನು ನಮ್ಮ ಮೇಕೆ ಹತ್ತಿ ತಿಂದಿತು. ಊಟವಾದ ಮೇಲೆ ಅವನೇ ಒಳಗೆ ಫ್ಯಾನ್ ಹಾಕಿಕೊಂಡು ಮಲಗಿ, ಎಷ್ಟು ಸುಖವಾಗಿದೆ ಅಂತ ಕುದುರೆಗೆ ತೋರಿಸಿದ. ಕುದುರೆ ನೋಡುತ್ತಾ ನಿಂತಿತ್ತು. ಇವನು ಗೊರಕೆ ಹೊಡೆದ.

ಕೊನೆಗೆ ಉಳಿದದ್ದು ಒಂದು ದಿನ. ಬೆಳಿಗ್ಗೆ ಅವನು ಕುದುರೆಯ ಕಾಲಿಗೆ ಪಟ್ಟಿ ಸುತ್ತುತ್ತಿದ್ದ, ನನ್ನ ಹಳೆ ಹಸಿರು ಸೀರೆ ಹರಿದು ಮಾಡಿದ ಪಟ್ಟಿ. ಕುದುರೆ ಹಲಗೆಯ ಮುಂದೆ ಕಲ್ಲಾಗಿತ್ತು. ನೋಡಿ ನೋಡಿ ನನಗೆ ರೇಗಿತು.

"ಅಲ್ಲಯ್ಯಾ, ಈ ಕುದುರೆ ಜನ್ಮದಲ್ಲಿ ಯಾವತ್ತಾದ್ರೂ ಸುಮ್ಮನೆ ಮುಂದಕ್ಕೆ ನಡೆದಿದ್ದುಂಟಾ? ಮುಂದೆ ತಮಟೆ ಬಡೀಬೇಕು, ಜನ ಕುಣೀಬೇಕು. ಕುಣಿಯೋರು ನಾಲ್ಕು ಹೆಜ್ಜೆ ಹೋದ್ರೆ ಅದೂ ನಾಲ್ಕು ಹೆಜ್ಜೆ. ಅವರು ನಿಂತ್ರೆ ನಿಲ್ತದೆ. ಇಪ್ಪತ್ತು ವರ್ಷ ಅದನ್ನೇ ಕಲಿಸಿ ಈಗ ಬೆಲ್ಲ ತೋರಿಸ್ತೀಯಲ್ಲ?"

ಅವನು ಪಟ್ಟಿ ಕೈಯಲ್ಲಿ ಹಿಡಿದುಕೊಂಡು ಬಾಯಿ ಬಿಟ್ಟು ನನ್ನನ್ನೇ ನೋಡಿದ.

ಅರ್ಧ ಗಂಟೆಯಲ್ಲಿ ಮಂಜ ತಮಟೆಯವರಿಬ್ಬರನ್ನು ಕರೆತಂದ. ಇವನು ಕುದುರೆಗೆ ಜರಿ ಬಟ್ಟೆ ಹೊದಿಸಿ ಗೆಜ್ಜೆ ಕಟ್ಟಿದ. ತಮಟೆ ಶುರುವಾಯಿತು. ಕುದುರೆಯ ಕಿವಿ ನೆಟ್ಟಗಾಯಿತು. ಇವನು ಹಲಗೆಯ ಮೇಲೆ ನಿಂತು ಕುಣಿದ. ಕುಣಿದ ಅನ್ನಬಾರದು. ಕಾಲಿಗೆ ಇರುವೆ ಹತ್ತಿದವನ ಹಾಗೆ ಕೊಡವಿದ. ಕುದುರೆ ಮುಖ ತಿರುಗಿಸಿತು. ಮಂಜ ಕುಣಿಯಲು ಹೋಗಿ ಹಲಗೆಯಿಂದ ಜಾರಿದ. ನನ್ನ ಮಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ನನಗೆ ಆಗ ಎಪ್ಪತ್ತು ವರ್ಷ, ಎರಡು ಮಂಡಿಯೂ ನೋವು. ಆದರೆ ಜರಗನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ನಾನು ಹಾಕಿದ ಹೆಜ್ಜೆಯನ್ನು ಯಾರೂ ಹಾಕಿದವರಿಲ್ಲ. ಹಲಗೆ ಹತ್ತಿ, ಕುದುರೆಗೆ ಮುಖ ಮಾಡಿ, ಎರಡು ಕೈ ಎತ್ತಿ ಹಿಂದೆ ಹಿಂದೆ ಹೋಗುತ್ತಾ ಕುಣಿದೆ. ನಾಲ್ಕು ಹೆಜ್ಜೆ ಹಾಕಿದೆ. ಕುದುರೆಯೂ ನಾಲ್ಕು ಹೆಜ್ಜೆ ಹಾಕಿತು. ಗೆಜ್ಜೆ ಝಲ್ ಝಲ್ ಅಂತಿತ್ತು. ನನ್ನ ಸೊಸೆ ಮೊಬೈಲ್ ಹಿಡಿದುಕೊಂಡು "ಅತ್ತೆ, ಸಖತ್ ಅತ್ತೆ!" ಅಂತ ಕೂಗುತ್ತಿದ್ದಳು. ಹಾಗೇ ಒಳಗೆ ಹೋದೆ, ಅಡ್ಡಮರದ ಕೆಳಗೆ ಬಗ್ಗಿ ಆಚೆ ಬದಿಗೆ ಮೂಲೆ ಸೇರಿದೆ. ಕುದುರೆ ಬಂದು ಅಡ್ಡಮರಕ್ಕೆ ಎದೆ ತಾಗಿಸಿ, ನನ್ನ ಮುಖದ ಹತ್ತಿರ ಮುಖ ತಂದು ನಿಂತಿತು.

ಹಿಂದೆ ಬಾಗಿಲು ಮೆಲ್ಲಗೆ ಹಾಕಿದರು. ಇವನು ಕಿಟಕಿಯಿಂದ ಕೈ ಹಾಕಿ, ಕತ್ತಿನ ಹಗ್ಗವನ್ನು ತಲೆ ಆಡಿಸಲು ಬರುವಷ್ಟು ಉದ್ದ ಬಿಟ್ಟು, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿದ.

"ಆಯ್ತಲ್ಲ, ನನ್ನ ಇಳಿಸು," ಅಂದೆ.

"ಅಮ್ಮಾ... ನೀವು ಇಳಿದ್ರೆ ಮೇಡಂ ಇಳೀತಾರೆ."

"ಹಂಗಾದ್ರೆ?"

"ಹಾರೋಹಳ್ಳಿ."

ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಅವನು ಕೂರಲು ಹುಲ್ಲಿನ ಕಟ್ಟು ಕೊಟ್ಟ, ಸೊಸೆ ಕಿಟಕಿಯಿಂದ ನನ್ನ ಬಿಪಿ ಮಾತ್ರೆ ಕೊಟ್ಟಳು. ಬೋಗುಣಿ ಮೂಲೆಯಲ್ಲಿ ನನ್ನ ಪಕ್ಕದಲ್ಲೇ ಇತ್ತು, ಗೆರೆಯ ತನಕ ನೀರು.

"ಅದನ್ನ ಮಾತ್ರ ಮುಟ್ಟಬೇಡಿ," ಅಂತ ಹತ್ತು ಸಲ ಹೇಳಿದ. "ಇವತ್ತು ಮಂಜನ ಪರೀಕ್ಷೆ."

ತನ್ನ ಮೊಪೆಡ್ ಹತ್ತಿ ಗಾಡಿಯ ಮುಂದೆ ಹೊರಟ. ಒಂದೊಂದು ಹಂಪಿಗೂ, ಒಂದೊಂದು ಗುಂಡಿಗೂ ಎಡಗೈಯಲ್ಲಿ ಕೆಂಪು ಟವೆಲ್ ಎತ್ತುತ್ತಿದ್ದ. ವಸಂತಪುರದ ತಿರುವಿನಲ್ಲಿ ಟ್ರಾಫಿಕ್ ಪೊಲೀಸ್ ನಿಲ್ಲಿಸಿ, ಇದು ಯಾವ ಪಾರ್ಟಿ ಮೆರವಣಿಗೆ ಅಂತ ಕೇಳಿ, ಒಳಗೆ ಹಣಕಿ ನನ್ನನ್ನು ನೋಡಿ, "ಅಜ್ಜಿ ಯಾಕೆ?" ಅಂದ.

"ಜೊತೆಗೆ," ಅಂದ ಇವನು. ಪೊಲೀಸ್ ಕೈ ಬೀಸಿ ದಾರಿ ಬಿಟ್ಟ.

ಎರಡು ಕಡೆ ಗಾಡಿ ನಿಲ್ಲಿಸಿ ಬಕೆಟ್‌ನಲ್ಲಿ ಕುದುರೆಗೆ ನೀರು ಹಿಡಿದ. ಕುದುರೆ ಮೂಸಿಯೂ ನೋಡಲಿಲ್ಲ. ಅವನ ಮುಖ ಸಣ್ಣದಾಯಿತು. ಮತ್ತೆ ಹೊರಟೆವು.

ಹಿಂದೆ ಕೂತ ಮೇಲೆ ನನಗೆ ಅವನ ಮಾತು ಗೊತ್ತಾಯಿತು. ಮಂಜ ಕ್ಲಚ್ ತುಳಿದರೆ ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಆದರೆ ಆ ದಿನ ಮಂಜ ಹೆಣ್ಣು ಒಪ್ಪಿಸುವವನ ಹಾಗೆ ಓಡಿಸಿದ. ಬೋಗುಣಿಯ ನೀರು ಅಲುಗಿತು, ಚೆಲ್ಲಲಿಲ್ಲ. ಕುದುರೆಯ ಉಸಿರು ಮೊದಲು ಪುಸುಪುಸು ಅಂತಿದ್ದದ್ದು ನಿಧಾನವಾಯಿತು.

ಮಾತ್ರೆ ನುಂಗುವ ಹೊತ್ತಾಯಿತು. ಕುಣಿದು ಗಂಟಲು ಒಣಗಿತ್ತು. ನೀರು ಎಲ್ಲಿದೆ? ಬೋಗುಣಿಯಲ್ಲಿ. ಬೋಗುಣಿ ಯಾರದು? ನನ್ನದು. ಎತ್ತಿ ಎರಡು ಗುಟುಕು ಕುಡಿದೆ. ಕೆಳಗಿಡುವಷ್ಟರಲ್ಲಿ ಕುದುರೆ ಕತ್ತು ಚಾಚಿ ಮೂತಿಯನ್ನು ಬೋಗುಣಿಯೊಳಗೆ ಇಟ್ಟಿತು. ಸೊರ್ ಅಂತ ಎಳೆಯಿತು. ಗಾಡಿ ಓಡುತ್ತಿತ್ತು. ನಾನು ಹಿಡಿದುಕೊಂಡೇ ಇದ್ದೆ. ತಳ ಕಾಣುವವರೆಗೂ ಕುಡಿದು, ಮೂತಿಯನ್ನು ನನ್ನ ಸೆರಗಿಗೆ ಒರೆಸಿತು.

ಖಾಲಿ ಬೋಗುಣಿಯನ್ನು ಸಿಂಬಿಯ ಮೇಲೆ ಇಟ್ಟೆ. ಸುಮ್ಮನೆ ಕಿಟಕಿಯ ಕಡೆ ನೋಡುತ್ತಾ ಕೂತೆ.

ತಂಗಿಯ ಜಮೀನು ತಲುಪಿದಾಗ ಅವನು ಮೊದಲು ಬಂದು ನೋಡಿದ್ದು ಬೋಗುಣಿಯನ್ನು.

"ಮಂಜಾ!" ಅಂದ. ಐದು ವರ್ಷದಲ್ಲಿ ಅವನು ಕೂಗಿದ್ದು ಅದೊಂದೇ ಸಲ. "ಒಂದು ತೊಟ್ಟೂ ಉಳಿಸಿಲ್ವಲ್ಲೋ! ಎಷ್ಟು ಕುಲುಕಿದ್ಯೋ ಮೇಡಂನ!"

"ನನ್ನ ಮಕ್ಕಳಾಣೆ ಅಣ್ಣ, ನಲವತ್ತು ದಾಟಿಲ್ಲ! ಅತ್ತೆ, ಹೇಳಿ ಅತ್ತೆ!"

ಅತ್ತೆ ಹೇಳಲಿಲ್ಲ. ನೆಲ ಒಣಗಿದ್ದರೆ ಅವನಿಗೇ ಗೊತ್ತಾಗುತ್ತಿತ್ತು. ಆದರೆ ಕುದುರೆ ದಾರಿಯಲ್ಲಿ ತನ್ನ ಕೆಲಸ ಮುಗಿಸಿಕೊಂಡಿದ್ದರಿಂದ ನೆಲವೆಲ್ಲ ಒದ್ದೆಯಾಗಿತ್ತು. ನಾನು ಹೇಳಬಹುದಿತ್ತು. ಹತ್ತು ಸಲ ಮುಟ್ಟಬೇಡಿ ಅಂದಿದ್ದನ್ನು ಮುಟ್ಟಿದ್ದೆ, ಈ ವಯಸ್ಸಿನಲ್ಲಿ ಕಳ್ಳಿ ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ. ಅಷ್ಟೆ. ಕುದುರೆ ಇಳಿದು ಹುಲ್ಲಿಗೆ ಹೋಯಿತು, ಕಾಲು ನೆಟ್ಟಗಿತ್ತು. ಎಲ್ಲ ಸರಿಹೋಯಿತಲ್ಲ ಅಂದುಕೊಂಡೆ.

ಬರುವಾಗ ಅವನೇ ಓಡಿಸಿದ. ಮಂಜ ಜರಗನಹಳ್ಳಿವರೆಗೂ ಹಿಂದೆ ನಿಂತುಕೊಂಡು ಬಂದ. ನಾನು ಮುಂದೆ ಸೀಟಿನಲ್ಲಿ ಕೂತಿದ್ದೆ.

ಅವನು ನಮ್ಮನ್ನು ಇಳಿಸಿ ಗಾಡಿ ಸಮೇತ ಹಾರೋಹಳ್ಳಿಗೆ ಹೋಗಿ ಮೂರು ವರ್ಷ ಆಯಿತು. ಮಂಜ ಈಗ ಸ್ಕೂಲ್ ವ್ಯಾನ್ ಓಡಿಸುತ್ತಾನೆ, ತುಂಬಾ ನಿಧಾನ. ಮಕ್ಕಳು ಪ್ರೇಯರಿಗೆ ಸಿಗುವುದಿಲ್ಲ ಅಂತ ದೂರು ಬರುತ್ತದೆ. ಹೋದ ತಿಂಗಳು, ಇವನಿಗೆ ಉಸಿರು ಕಷ್ಟವಾಗಿದೆ ಅಂತ ಸುದ್ದಿ ಬಂತು. ಮಂಜನ ಜೊತೆ ನೋಡಲು ಹೋದೆ. ತಂಗಿಯ ಮನೆಯ ಜಗುಲಿಯಲ್ಲಿ ದಿಂಬು ಒರಗಿ ಕೂತಿದ್ದ. ಮೀಸೆಗೆ ಎಣ್ಣೆ ಇತ್ತು. ಎದುರಿಗೆ ಕುದುರೆ ಮೇಯುತ್ತಿತ್ತು. ಟೆಂಪೊ ಹೊಂಗೆ ಮರದ ಕೆಳಗೆ ನಿಂತಿತ್ತು.

"ದನದ ಡಾಕ್ಟ್ರು ಕುದುರೇನ ಒಂದ್ಸಲ ಆಸ್ಪತ್ರೆಗೆ ತಗೊಂಡ್ಬಾ ಅಂದ್ರು, ಹಲ್ಲಿಗೆ," ಅಂದ. "ನಾನು ಗಾಡಿ ಹತ್ತಿಸಲ್ಲ ಅಂದೆ. ಆವತ್ತು ಬೋಗುಣಿ ನೋಡಿದ ಮೇಲೆ ಮೇಡಂ ಮುಖ ನೋಡೋಕೇ ನಾಚ್ಕೆ ಆಯ್ತದೆ ಅಮ್ಮ."

ಕಾಫಿ ಲೋಟ ಕೆಳಗಿಟ್ಟೆ. "ಆ ನೀರು ಚೆಲ್ಲಿರಲಿಲ್ಲ ಕಣಯ್ಯ. ಎರಡು ಗುಟುಕು ನಾನು ಕುಡಿದೆ, ಮಾತ್ರೆಗೆ. ಮಿಕ್ಕಿದ್ದು ನಿನ್ನ ಮೇಡಂ ಕುಡಿದ್ರು."

ಅವನು ಮೇಯುತ್ತಿದ್ದ ಕುದುರೆಯ ಕಡೆ ತಿರುಗಿದ. ಆಮೇಲೆ ಕೇಳಿದ. "ಗಾಡಿ ನಿಂತಿತ್ತಾ, ಓಡ್ತಿತ್ತಾ?"

"ಓಡ್ತಿತ್ತು."

"ಪೂರ್ತಿ ಕುಡಿದ್ರಾ?"

"ತಳ ನೆಕ್ಕಿದ್ರು. ಮೂತಿ ನನ್ನ ಸೆರಗಿಗೆ ಒರೆಸಿದ್ರು."

ಮೂರು ಸಲ ಹೇಳಿಸಿದ. ಸೆರಗಿನ ಯಾವ ಕಡೆಗೆ ಒರೆಸಿದ್ದು ಅಂತಲೂ ಕೇಳಿದ. ಕೇಳಿ ಕೇಳಿ ನಕ್ಕ, ನಕ್ಕು ಕೆಮ್ಮಿದ, ಕೆಮ್ಮುತ್ತಲೇ ಮಂಜನನ್ನು ಹತ್ತಿರ ಕರೆದು ಟೆಂಪೊದ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟ.

"ತಪ್ಪಾಯ್ತು ಕಣೋ. ಇನ್ಮೇಲೆ ನೀನೇ ಓಡಿಸು."

ಮಂಜ ಬೀಗದ ಕೈ ನೋಡಿದ, ಆಮೇಲೆ ನನ್ನನ್ನು ನೋಡಿದ. "ಅತ್ತೆ," ಅಂದ. "ಆವತ್ತು ಹಾರೋಹಳ್ಳಿಯಿಂದ ಜರಗನಹಳ್ಳಿವರೆಗೂ ನಿಂತ್ಕೊಂಡು ಬಂದೆ. ನೆನಪೈತಾ?"

"ತಪ್ಪು ಮಾಡಿದೋರು ಹಿಂದೆ ನಿಲ್ಬೇಕು," ಅಂದ ಇವನು, ದಿಂಬಿನಿಂದಲೇ. "ಅಮ್ಮ ಆದ್ರೂ ಸೈ."

ಎಂಟು ದಿನದ ಮೇಲೆ ಸತ್ತ. ಅವನ ಮಣ್ಣಿಗೆ ಹೋಗಲು ಬೆಳಿಗ್ಗೆ ಮಂಜ ಅದೇ ಟೆಂಪೊ ತಂದು ಗೇಟಿನ ಮುಂದೆ ನಿಲ್ಲಿಸಿ, ಹಿಂದಿನ ಹಲಗೆ ಇಳಿಸಿದ. ನಾನು ಹತ್ತಿ, ಅಡ್ಡಮರ ಹಿಡಿದುಕೊಂಡು ನಿಂತೆ. ಮೂಲೆಯಲ್ಲಿ ಸಿಂಬಿಯ ಮೇಲೆ ಬೋಗುಣಿ ಇತ್ತು, ಗೆರೆಯ ತನಕ ನೀರು. ಕಳ್ಳ ಬಂತು, ಯಜಮಾನ ಬಂತು, ಮೂರು ತಂಗಿಯರೂ ಬಂದರು. ಆ ಹಂಪುಗಳೆಲ್ಲ ಬನಶಂಕರಿ ಕಡೆಯವು, ಹಾರೋಹಳ್ಳಿಯ ದಾರಿಯಲ್ಲಿ ಅವು ಇಲ್ಲ. ಅವನ ಹೆಸರಿಗೆ ಅಂತ ಮಂಜ ಸುತ್ತುಹಾಕಿಕೊಂಡು ಅವುಗಳ ಮೇಲೆಯೇ ಹೋದ. ನನ್ನ ಮಂಡಿಗೆ ಒಂದೂ ತಿಳಿಯಲಿಲ್ಲ.

ತಲುಪಿದ ಮೇಲೆ ಮಂಜ ಇಳಿದು ಹಿಂದೆ ಬಂದ. ಮೊದಲು ಬೋಗುಣಿ ನೋಡಿದ. ನೀರು ಗೆರೆಯಲ್ಲೇ ಇತ್ತು. ಆಮೇಲೆ, ಒದ್ದೆಯಾಗಿದೆಯಾ ಅಂತ, ನನ್ನ ಬಾಯಿ ನೋಡಿದ.